ಮೀನಿನ ಮೇವಾಗಿ ಬಂದ ಹಿಂಡಿಯ ಚರಿತ್ರೆ

ಹಿಂಡಿ, ತೌಡು ಅಂದರೆ ನಮಗೆ ನೆನಪಾಗುವುದು ಹಸು, ಎಮ್ಮೆ. ಈಗ ಅದೇ ಹಿಂಡಿ ಕೃಷಿಹೊಂಡಕ್ಕೂ ಕೆರೆಗೂ ಹೋಗುತ್ತಿದೆ. ಮೀನು ಸಾಕುವವನ ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಮೇವಿಗೇ ಹೋಗುವುದರಿಂದ ಇದರ ಹಿಂದಿನ ಚರಿತ್ರೆ ನಮಗೆ ಗೊತ್ತಿರಬೇಕು.

1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಅವರು ಗೆಂಡೆ ಜಾತಿಯ ಮೀನಿಗೆ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಮೊಟ್ಟೆ ಇಡಿಸಿದರು. ಅಲ್ಲಿಯವರೆಗೆ ಮರಿಗಾಗಿ ಹೊಳೆ ಕಾಯಬೇಕಿತ್ತು. 1959ರಲ್ಲಿ ಬೆಳ್ಳಿ ಗೆಂಡೆ, ಹುಲ್ಲು ಗೆಂಡೆ ಹೊರದೇಶದಿಂದ ಬಂದವು. 1971ರಲ್ಲಿ ಕಾಟ್ಲಾ, ರೋಹು, ಮೃಗಾಲ್ ಜೊತೆ ಇವನ್ನೂ ಸಾಮಾನ್ಯ ಗೆಂಡೆಯನ್ನೂ ಸೇರಿಸಿ ಸಾಕುವ ಮಿಶ್ರ ಮೀನು ಕೃಷಿಯ ಅಖಿಲ ಭಾರತ ಯೋಜನೆ ಶುರುವಾಯಿತು. ಕೊಳದಲ್ಲಿ ಮೀನು ದಟ್ಟವಾದ ಮೇಲೆ ನೀರಿನಲ್ಲಿ ಹುಟ್ಟುವ ಹುಳು, ಪಾಚಿ ಸಾಲಲಿಲ್ಲ. ಆಗ ಬಂದದ್ದೇ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು, ಸಮಪಾಲು. ಆಂಧ್ರದ ಕೊಲ್ಲೇರು ಕಡೆಯ ರೈತರು ಎಣ್ಣೆ ತೆಗೆದ ತೌಡನ್ನು ತೂತು ಮಾಡಿದ ಚೀಲಕ್ಕೆ ತುಂಬಿ, ಬಿದಿರಿಗೆ ಕಟ್ಟಿ ನೀರಲ್ಲಿ ಇಳಿಬಿಡುವ ಪದ್ಧತಿ ತಂದರು. ಮೀನು ಬಂದು ಬೇಕಾದಷ್ಟು ತಿನ್ನುತ್ತದೆ, ಮೇವು ತಳ ಸೇರಿ ಕೊಳೆಯುವುದು ಕಡಿಮೆ.

ಆದರೆ ಗಿಡದಿಂದ ಬಂದದ್ದೆಲ್ಲ ಸಾಧುವಲ್ಲ. ಇದನ್ನು ಲೋಕ ಕಷ್ಟಪಟ್ಟೇ ಕಲಿಯಿತು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಬ್ರೆಜಿಲ್‌ನಿಂದ ತರಿಸಿದ್ದ ಕಡಲೆಕಾಯಿ ಹಿಂಡಿ. ಅದಕ್ಕೆ ಹಿಡಿದಿದ್ದ ಬೂಷ್ಟಿನಲ್ಲಿದ್ದ ವಿಷಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರಾಯಿತು. ಅದೇ ಕಾಲಕ್ಕೆ ಅಮೆರಿಕದ ಮೀನುಮರಿ ಕೇಂದ್ರಗಳಲ್ಲಿ ಟ್ರೌಟ್ ಎಂಬ ಮೀನಿಗೆ ಲಿವರ್ ಕ್ಯಾನ್ಸರ್ ಬಂತು. ಹುಡುಕಿದರೆ ಮೇವಿನಲ್ಲಿದ್ದ ಹತ್ತಿಬೀಜದ ಹಿಂಡಿಯಲ್ಲೂ ಇದೇ ವಿಷ! ಟ್ರೌಟ್‌ಗೆ ಇದು ಎಳ್ಳಿನ ಮೊನೆಯಷ್ಟು ಸಾಕು. ಕೆಲವು ಜಾತಿ ಮೀನು ಇನ್ನೂ ಹೆಚ್ಚು ತಡೆದುಕೊಳ್ಳುತ್ತವೆ. ಆದರೂ ಈ ವಿಷ ಕುದಿಸಿದರೂ ಹೋಗುವುದಿಲ್ಲ, ಬಿಸಿಲಿಗೆ ಹಾಕಿ ಬೂಷ್ಟು ಒರೆಸಿದರೂ ಒಳಗೆ ಉಳಿದಿರುತ್ತದೆ.

ಎರಡನೆಯ ಪಾಠ ಸೋಯಾ ಅವರೆಯದು. 1972ರಲ್ಲಿ ಪೆರು ದೇಶದ ಕಡಲಲ್ಲಿ ಆಂಚೊವಿ ಮೀನು ಬರಿದಾಗಿ ಮೀನಿನ ಪುಡಿಯ ಬೆಲೆ ಗಗನಕ್ಕೇರಿತು. ಅದರ ಬದಲು ಸೋಯಾ ಹಿಂಡಿ ಕಡೆಗೆ ಎಲ್ಲರೂ ತಿರುಗಿದರು. ಹಸಿ ಸೋಯಾದಲ್ಲಿ ಮೇವು ಜೀರ್ಣವಾಗದಂತೆ ತಡೆಯುವ ಅಂಶವಿದೆ, ಹದವಾಗಿ ಬೇಯಿಸಿದರೆ ಅದು ಬಹುಮಟ್ಟಿಗೆ ಹೋಗುತ್ತದೆ. ನಾರ್ವೆಯಲ್ಲಿ 1990ರಲ್ಲಿ ಸಾಲ್ಮನ್ ಮೇವಿನ ಸುಮಾರು ಶೇ. 90 ಭಾಗ ಮೀನಿನಿಂದಲೇ ಬರುತ್ತಿತ್ತು, 2013ರ ಹೊತ್ತಿಗೆ ಸುಮಾರು ಶೇ. 30ಕ್ಕೆ ಇಳಿಯಿತು. ಈ ನಡುವೆ ಒಂದು ತೊಡಕು ಕಂಡಿತು. ಬೇಯಿಸಿದ ಸೋಯಾ ಹಿಂಡಿ ತಿಂದರೂ ಸಾಲ್ಮನ್ ಮೀನಿನ ಕರುಳಿನ ಕೊನೆಭಾಗ ಊದಿಕೊಳ್ಳುತ್ತಿತ್ತು. ಮುಖ್ಯ ಕಾರಣ ಸಪೋನಿನ್ ಅಂತ ಆಮೇಲೆ ತಿಳಿಯಿತು. ಆಲ್ಕೋಹಾಲಿನಲ್ಲಿ ತೊಳೆದು ಅದನ್ನು ತೆಗೆದ ಸೋಯಾ ಸಾರವನ್ನು ಕೊಟ್ಟ ಮೇಲೆ ತೊಂದರೆ ತಗ್ಗಿತು. ಸಾಮಾನ್ಯ ಗೆಂಡೆಗೂ ಸೋಯಾ ಹಿಂಡಿಯಿಂದ ಕರುಳು ಊದಿದ್ದುಂಟು, ಆದರೆ ಅದು ಕೆಲವೇ ವಾರದಲ್ಲಿ ಚೇತರಿಸಿಕೊಳ್ಳತೊಡಗಿತು. ಸಾಲ್ಮನ್ ಮೀನು ತಿನ್ನುವ ಮೀನು, ಗೆಂಡೆ ಎಲ್ಲವನ್ನೂ ತಿನ್ನುವ ಜಾತಿ.

ಈ ಸಪೋನಿನ್ ಜಾತಿಯ ವಸ್ತು ನಮಗೆ ಹೊಸದೇನಲ್ಲ. ಅಂಟುವಾಳದ ಕಾಯಿ ನೊರೆ ಬರುವುದು ಅದರಿಂದಲೇ. ಹಿಪ್ಪೆ ಹಿಂಡಿಯಲ್ಲಿ ಅದು ಎಷ್ಟಿದೆಯೆಂದರೆ, ಬಿತ್ತನೆಗೆ ಮೊದಲು ಕೊಳದ ಬೇಡದ ಮೀನು ಕೊಲ್ಲಲು ಎಕರೆಗೆ ಸುಮಾರು 10 ಕ್ವಿಂಟಾಲ್ ಹಾಕುತ್ತಾರೆ. ಎರಡು ಮೂರು ವಾರದಲ್ಲಿ ವಿಷ ಇಳಿದು ಅದೇ ಗೊಬ್ಬರವಾಗುತ್ತದೆ. ಹಿಂಡಿ ಅಂತ ಹೆಸರಿದ್ದ ಮಾತ್ರಕ್ಕೆ ಮೇವಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನೊಂದು ಮಾತು. ಕಡಲೆಕಾಯಿ ಹಿಂಡಿಯಲ್ಲಿ ಪ್ರೋಟೀನು ಧಾರಾಳ, ಆದರೆ ಮೀನಿನ ಬೆಳವಣಿಗೆಗೆ ಬೇಕಾದ ಲೈಸಿನ್, ಮಿಥಿಯೋನಿನ್ ಎಂಬ ಅಂಶಗಳು ಕಡಿಮೆ. ಒಂದೇ ಹಿಂಡಿ ನಂಬಿದರೆ ಮೇವು ಖಾಲಿಯಾಗುತ್ತದೆ, ತೂಕ ಬರುವುದಿಲ್ಲ. ತೌಡಿನ ರಂಜಕವೂ ಬಹುಪಾಲು ಮೀನಿಗೆ ದಕ್ಕದೆ ನೀರಿಗೇ ಸೇರುತ್ತದೆ. ಎಣ್ಣೆ ತೆಗೆಯದ ತೌಡು ಬೇಗ ಕಮಟುತ್ತದೆ, ಅದೂ ಮೀನಿಗೆ ಕೇಡು.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ಹಸು ಮೇವು ಬಿಟ್ಟರೆ ಬೆಳಿಗ್ಗೆಯೇ ಗೊತ್ತಾಗುತ್ತದೆ. ಮೀನು ನೀರೊಳಗಿನ ಜೀವ. ಕೆಟ್ಟ ಹಿಂಡಿ ತಿಂದು ಸೊರಗಿದರೂ ಬಲೆ ಎಳೆಯುವ ದಿನದವರೆಗೆ ನಮಗೆ ಕಾಣುವುದಿಲ್ಲ. ಅಷ್ಟರಲ್ಲಿ ಸಾಲದ ಕಂತು ಬಂದಿರುತ್ತದೆ. ಮಳೆಗಾಲದಲ್ಲಿ ಅಗ್ಗಕ್ಕೆ ಸಿಗುವ ನೆನೆದ ಹಿಂಡಿ ನಿಜವಾಗಿ ಅಗ್ಗವಲ್ಲ.

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ. ಸಂಘ ಹಿಂಡಿ ಕೊಳ್ಳುವಾಗ ಚೀಲ ಬಿಚ್ಚಿ, ಮುರಿದು, ಮೂಸಿ ನೋಡಿಯೇ ಇಳಿಸಿಕೊಳ್ಳೋಣ. ಗೋದಾಮಿನಲ್ಲಿ ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಜೋಡಿಸೋಣ. ಮೊದಲು ಬಂದದ್ದು ಮೊದಲು ಹೋಗಲಿ. ಬೂಷ್ಟು ಹಿಡಿದದ್ದನ್ನು ಮೀನಿಗೂ ಬೇಡ, ದನಕ್ಕೂ ಬೇಡ ಅಂತ ಮುಂದಿನ ಮಹಾಸಭೆಯಲ್ಲಿ ಒಂದು ನಿರ್ಣಯ ಮಾಡೋಣ. ಒಬ್ಬೊಬ್ಬರೇ ಆದರೆ ವ್ಯಾಪಾರಿ ಕೊಟ್ಟದ್ದನ್ನು ತರಬೇಕು, ಸಂಘವಾಗಿ ನಿಂತರೆ ಬೇಡ ಅನ್ನುವ ಶಕ್ತಿ ಇದೆ. ಇಪ್ಪತ್ತೈದು ವರ್ಷ ನಡೆಸಿದ ಈ ಸಂಘ ಚಿನ್ನದ ಹಬ್ಬವನ್ನೂ ಕಾಣಲಿ ಎಂದು ಹಾರೈಸುತ್ತೇನೆ.