ಮಕ್ಕಳ ಟಿಕ್ ಮತ್ತು ಮಾನಸಿಕ ಒತ್ತಡ

ಪದೇ ಪದೇ ಕಣ್ಣು ಮಿಟುಕಿಸುವುದು, ಭುಜ ಕುಣಿಸುವುದು, ಗಂಟಲು ಸರಿಮಾಡಿಕೊಳ್ಳುವುದು ಮುಂತಾದ, ತಡೆಯಲು ಕಷ್ಟವಾದ ದಿಢೀರ್ ಚಲನೆ ಅಥವಾ ಸದ್ದೇ ಟಿಕ್. ಸಾಮಾನ್ಯವಾಗಿ 4–6ನೇ ವಯಸ್ಸಿನಲ್ಲಿ ಶುರುವಾಗಿ 10–12ರ ಹೊತ್ತಿಗೆ ತೀವ್ರವಾಗುತ್ತದೆ. ಹರೆಯ ಕಳೆಯುವಷ್ಟರಲ್ಲಿ ಅನೇಕರಲ್ಲಿ ತಗ್ಗುತ್ತದೆ. ಇದರ ಒಂದು ರೂಪವಾದ ಟುರೆಟ್ ಸಿಂಡ್ರೋಮನ್ನು ಫ್ರಾನ್ಸಿನ ವೈದ್ಯ ಜಾರ್ಜ್ ಜಿಲ್ ದ ಲಾ ಟುರೆಟ್ 1885ರಲ್ಲಿ ವಿವರಿಸಿದರು.

ಟಿಕ್‌ನ ಬೇರು ಹೆಚ್ಚಾಗಿ ಅನುವಂಶೀಯತೆಯಲ್ಲಿ, ಮಿದುಳಿನ ಚಲನ ನಿಯಂತ್ರಣ ಜಾಲದಲ್ಲಿದೆ. ಒತ್ತಡ ಅದನ್ನು ಕೆರಳಿಸುತ್ತದೆ. ಪರೀಕ್ಷೆಯ ಭಯ, ನಿದ್ದೆಗೇಡು ಮಾತ್ರವಲ್ಲ, ಹಬ್ಬದ ಸಂಭ್ರಮವೂ ಸಾಕು. ತರಗತಿಯಲ್ಲಿ ಕಷ್ಟಪಟ್ಟು ತಡೆದುಕೊಂಡ ಮಗುವಿಗೆ ಮನೆ ಸೇರಿದ ಮೇಲೆ ಟಿಕ್ ಹೆಚ್ಚಾಗಿ ಕಾಣಿಸಿಕೊಳ್ಳಬಹುದು. ಅದನ್ನು ಹಠವೆಂದು ಗದರುವುದು ಅನ್ಯಾಯ. ಗದರಿಕೆಯೇ ಹೊಸ ಒತ್ತಡ. ಟಿಕ್‌ಗೆ ಮುನ್ನ ಬರುವ ತುಡಿತವನ್ನು ಗುರುತಿಸಿ, ಅದಕ್ಕೆ ಎದುರಾದ ಬೇರೊಂದು ಚಲನೆಯನ್ನು ರೂಢಿಸುವ ವರ್ತನಾ ಚಿಕಿತ್ಸೆ ಫಲಕಾರಿ.