ಎರಡು ನೋಟಗಳ ನಡುವಿನ ಹೊತ್ತು

ಪುಣೆ ಕ್ಯಾಂಪಿನಿಂದ ಉತ್ತರಕ್ಕೆ ಹೊರಟರೆ ಭೋಸರಿ, ಅದರಾಚೆ ಚಾಕಣ. ದಾರಿಯುದ್ದಕ್ಕೂ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಗಳು. ಅಲ್ಲಿ ಯಂತ್ರದ ಪಕ್ಕ ನಿಂತಿರುವ ಪ್ಯಾನೆಲ್‌ನ ಬಾಗಿಲು ತೆರೆದರೆ ಒಳಗೆ ಪಿಎಲ್‌ಸಿ ಎಂಬ ಪೆಟ್ಟಿಗೆ ಕಾಣುತ್ತದೆ. ಯಾವ ಮೋಟಾರು ಯಾವಾಗ ಓಡಬೇಕು, ಯಾವ ವಾಲ್ವ್ ಯಾವಾಗ ತೆರೆಯಬೇಕು ಎಂದು ತೀರ್ಮಾನಿಸುವುದು ಅದೇ.

ಅದು ಸದಾ ಕಣ್ಣು ಬಿಟ್ಟುಕೊಂಡೇ ಇರುತ್ತದೆ ಎಂದುಕೊಳ್ಳುತ್ತೇವೆ. ಹಾಗಿಲ್ಲ. ಎಲ್ಲ ಇನ್‌ಪುಟ್‌ಗಳನ್ನು ಒಮ್ಮೆ ಓದಿಕೊಳ್ಳುತ್ತದೆ, ಪ್ರೋಗ್ರಾಮನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕುತ್ತದೆ, ಆಮೇಲೆ ಔಟ್‌ಪುಟ್‌ಗಳನ್ನು ಬದಲಿಸಿ ಮತ್ತೆ ಓದಲು ಹೋಗುತ್ತದೆ. ಈ ಒಂದು ಸುತ್ತಿನ ಹೆಸರು ಸ್ಕ್ಯಾನ್. ಅದಕ್ಕೆ 10 ಮಿಲಿಸೆಕೆಂಡ್ ಹಿಡಿಯುತ್ತದೆ ಅನ್ನಿ. ನಡುವೆ 3 ಮಿಲಿಸೆಕೆಂಡಿನ ಸಿಗ್ನಲ್ ಒಂದು ಬಂದು ಹೋದರೆ ಪಿಎಲ್‌ಸಿಯ ಮಟ್ಟಿಗೆ ಅದು ಬಂದೇ ಇಲ್ಲ. ಹೊರಗೆ ಕಳಿಸುವಾಗಲೂ ಇದೇ ಕಟ್ಟು: ಒಂದು ಸ್ಕ್ಯಾನಿನಲ್ಲಿ ಆನ್, ಮುಂದಿನದರಲ್ಲಿ ಆಫ್ ಮಾಡಿದರೆ ಒಂದು ಮಿಡಿತಕ್ಕೆ 20 ಮಿಲಿಸೆಕೆಂಡ್. ಸೆಕೆಂಡಿಗೆ 50 ಮಿಡಿತ, ಅದಕ್ಕಿಂತ ಒಂದೂ ಹೆಚ್ಚಿಲ್ಲ.

ಈ ಕಟ್ಟು ಎಲ್ಲಿಂದ ಬಂತು ಎಂದು ತಿಳಿಯಲು ರಿಲೇಗಳ ಕಾಲಕ್ಕೆ ಹೋಗಬೇಕು. ನಮ್ಮವರಿಗೆ ಅದರ ಒಳ್ಳೆಯ ಉದಾಹರಣೆ ಬೆಂಗಳೂರಿನಲ್ಲೇ ಇದೆ. 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ದೂರವಾಣಿನಗರದ ಐಟಿಐ, ಸ್ಟ್ರೋಜರ್ ಪದ್ಧತಿಯ ಎಕ್ಸ್‌ಚೇಂಜ್‌ಗಳನ್ನು ಕಟ್ಟುತ್ತಿತ್ತು. ಡಯಲ್ ತಿರುಗಿಸಿ ಬಿಟ್ಟರೆ ಅದು ಹಿಂದಕ್ಕೆ ಬರುತ್ತ ಸೆಕೆಂಡಿಗೆ 10ರಂತೆ ತಂತಿಯ ಸಂಪರ್ಕವನ್ನು ಕಡಿಯುತ್ತಿತ್ತು: ಸುಮಾರು 67 ಮಿಲಿಸೆಕೆಂಡ್ ಕಡಿತ, 33 ಮಿಲಿಸೆಕೆಂಡ್ ಕೂಡಿಕೆ. 7 ತಿರುಗಿಸಿದರೆ ಏಳು ಕಡಿತ. ಎಕ್ಸ್‌ಚೇಂಜಿನಲ್ಲಿದ್ದ ಸೆಲೆಕ್ಟರ್ ಒಂದೊಂದು ಕಡಿತಕ್ಕೂ ಒಂದೊಂದು ಮೆಟ್ಟಿಲು ಏರುತ್ತಿತ್ತು. ಎಣಿಕೆಗೆ ಬೇರೆ ನೆನಪು ಬೇಕಿರಲಿಲ್ಲ, ಏರಿದ ಎತ್ತರವೇ ಲೆಕ್ಕ.

ಅಂಕೆ ಮುಗಿಯಿತೆಂದು ಅದಕ್ಕೆ ಗೊತ್ತಾಗುತ್ತಿದ್ದ ಬಗೆ ನನಗೆ ಇಂದಿಗೂ ಸೊಗಸೆನಿಸುತ್ತದೆ. ಒಂದು ರಿಲೇಯ ತಿರುಳಿಗೆ ತಾಮ್ರದ ದಪ್ಪ ಬಳೆ ತೊಡಿಸಿರುತ್ತಿದ್ದರು. ಕರೆಂಟು ನಿಂತರೂ ಆ ಬಳೆಯಿಂದಾಗಿ ಕಾಂತತ್ವ ಕೂಡಲೇ ಇಳಿಯುವುದಿಲ್ಲ, ರಿಲೇ ತಡವಾಗಿ ಬಿಡುತ್ತದೆ. ಎರಡು ಮಿಡಿತಗಳ ನಡುವಿನ ಅಂತರದಲ್ಲಿ ಬಿಡದೆ, ಎರಡು ಅಂಕೆಗಳ ನಡುವಿನ ಮೌನದಲ್ಲಿ ಮಾತ್ರ ಬಿಡುವಷ್ಟು ತಡ. ಗಡಿಯಾರವಿಲ್ಲದೆ ತಾಮ್ರದಿಂದಲೇ ಕಾಲ ಅಳೆಯುವ ಉಪಾಯ. ಅವಸರದವರು ಡಯಲನ್ನು ಬೆರಳಿನಿಂದ ಹಿಂದಕ್ಕೆ ದೂಡಿದರೆ ಮಿಡಿತಗಳ ಅಳತೆ ಕೆಟ್ಟು ರಾಂಗ್ ನಂಬರ್ ಸಿಗುತ್ತಿದ್ದುದು ಇದರಿಂದಲೇ.

ರಿಲೇ ನಿಧಾನ, ನಿಜ. ಆದರೆ ಅಲ್ಲಿ ಸರದಿ ಇರಲಿಲ್ಲ. ನೂರು ರಿಲೇಗಳಿದ್ದರೆ ನೂರೂ ಏಕಕಾಲಕ್ಕೆ ತಮ್ಮ ತಮ್ಮ ತಂತಿಯನ್ನು ಕಾಯುತ್ತಿದ್ದವು.

ಕಾರ್ಖಾನೆಗಳೂ ರಿಲೇ ಪ್ಯಾನೆಲ್‌ಗಳಿಂದಲೇ ನಡೆಯುತ್ತಿದ್ದವು. ಅಮೆರಿಕದ ಜನರಲ್ ಮೋಟಾರ್ಸ್‌ಗೆ ಕಾರಿನ ಮಾದರಿ ಬದಲಾದಾಗಲೆಲ್ಲ ಪ್ಯಾನೆಲ್‌ಗಳ ವೈರಿಂಗ್ ಬಿಚ್ಚಿ ಕಟ್ಟುವುದೇ ದೊಡ್ಡ ಖರ್ಚು. 1968ರಲ್ಲಿ ಬೆಡ್‌ಫರ್ಡ್ ಅಸೋಸಿಯೇಟ್ಸ್‌ನ ಡಿಕ್ ಮಾರ್ಲಿ ಇದಕ್ಕೊಂದು ಪರಿಹಾರ ಬರೆದಿಟ್ಟರು. ಆ ಸಂಸ್ಥೆಯ 84ನೇ ಯೋಜನೆಯಾದ್ದರಿಂದ ಯಂತ್ರದ ಹೆಸರು 084. ಮಾಡಿಕಾನ್ ಎಂಬ ಹೆಸರಿನಡಿ ಮಾರಾಟಕ್ಕೆ ಬಂತು. ಕೆಲಸದ ನಡುವೆ ಕರೆದು ನಿಲ್ಲಿಸುವ ಇಂಟರಪ್ಟ್ ಬೇಡ ಎಂಬುದು ಮಾರ್ಲಿಯವರ ಪಟ್ಟು. ಧೂಳು, ಬಿಸಿ, ಅದುರುವಿಕೆಯ ನಡುವೆ ಯಂತ್ರ ಕೆಡದೆ ಓಡಬೇಕು, ಅದರ ನಡವಳಿಕೆ ಮೊದಲೇ ಗೊತ್ತಿರಬೇಕು. ವೇಗ ಕಡಿಮೆಯಿಟ್ಟದ್ದು ತಪ್ಪಾಯಿತೆಂದು ಆಮೇಲೆ ಅವರೇ ಒಪ್ಪಿಕೊಂಡರು.

ಎಲೆಕ್ಟ್ರಿಷಿಯನ್‌ಗಳು ಹೆದರಬಾರದೆಂದು ಪ್ರೋಗ್ರಾಮನ್ನು ಹಳೆಯ ರಿಲೇ ನಕ್ಷೆಯಂತೆಯೇ ಬರೆಯುವ ಏರ್ಪಾಟಾಯಿತು, ಅದೇ ಲ್ಯಾಡರ್. ನನ್ನ ಮಟ್ಟಿಗೆ ಕಥೆಯ ಗಂಟು ಇರುವುದು ಇಲ್ಲಿ. ನಕ್ಷೆ ನೋಡಿದರೆ ಎಲ್ಲ ಮೆಟ್ಟಿಲುಗಳೂ ಒಟ್ಟಿಗೆ ಕೆಲಸ ಮಾಡುತ್ತಿರುವಂತೆ ಕಾಣುತ್ತದೆ. ಯಂತ್ರ ಮಾತ್ರ ಅವನ್ನು ಸಾಲಾಗಿ, ಒಂದಾದ ಮೇಲೊಂದು ಓದುತ್ತದೆ. ರಿಲೇ ಹೋದರೂ ರಿಲೇಯ ಚಿತ್ರ ಉಳಿಯಿತು. ಸರದಿ ಆ ಚಿತ್ರದ ಹಿಂದೆ ಮರೆಯಾಯಿತು.

ಟೆಲಿಫೋನಿನಲ್ಲೂ ಅದೇ ಆಯಿತು. 1986ರಲ್ಲಿ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕಿತ್ತೂರಿನಲ್ಲಿ ಶುರುವಾಯಿತು, ಪುಣೆಯಿಂದ ಧಾರವಾಡಕ್ಕೆ ಹೋಗುವಾಗ ಬೆಳಗಾವಿ ದಾಟಿದ ಮೇಲೆ ಸಿಗುವ ಅದೇ ಕಿತ್ತೂರು. ಮೈಕ್ರೊಪ್ರೊಸೆಸರ್ ಎಕ್ಸ್‌ಚೇಂಜಿನಲ್ಲಿ ಡಯಲಿನ 33 ಮಿಲಿಸೆಕೆಂಡಿನ ಕೂಡಿಕೆಯನ್ನು ತಪ್ಪಿಸಿಕೊಳ್ಳಬಾರದೆಂದರೆ ಪ್ರತಿ ಲೈನನ್ನೂ ಅದಕ್ಕಿಂತ ಬೇಗ ಬೇಗ ನೋಡುತ್ತಿರಲೇಬೇಕು.

ಮನುಷ್ಯನ ಬೆರಳು ತಿರುಗಿಸಿದ ಡಯಲಿಗೆ ಅದು ಸಾಕು, ಮೋಟಾರಿಗೆ ಸಾಲದು. ಒಂದು ಸುತ್ತಿಗೆ 1,000 ಮಿಡಿತ ಕೊಡುವ ಎನ್‌ಕೋಡರ್ ನಿಮಿಷಕ್ಕೆ 1,500 ಸುತ್ತು ತಿರುಗಿದರೆ ಸೆಕೆಂಡಿಗೆ 25,000 ಮಿಡಿತ, ಒಂದು ಸ್ಕ್ಯಾನಿನೊಳಗೆ 250. ಆದ್ದರಿಂದ ಎಣಿಸುವ ಕೆಲಸವನ್ನು ಬೇರೆ ಕೌಂಟರ್ ಸರ್ಕ್ಯೂಟಿಗೆ ಕೊಟ್ಟರು. ಪ್ರೋಗ್ರಾಂ ಆಗಾಗ ಬಂದು ಮೊತ್ತ ಕೇಳಿಕೊಂಡು ಹೋಗುತ್ತದೆ, ಸ್ಟ್ರೋಜರ್ ಸೆಲೆಕ್ಟರ್‌ನ ಎತ್ತರ ನೋಡಿದ ಹಾಗೆ. ಸ್ಟೆಪ್ಪರ್ ಮೋಟಾರಿಗೆ ಬೇಕಾದ ಮಿಡಿತಗಳನ್ನೂ ಸ್ಕ್ಯಾನಿನ ಹೊರಗಿನ ಸರ್ಕ್ಯೂಟೇ ಹುಟ್ಟಿಸುತ್ತದೆ, ಅದೂ ಟ್ರಾನ್ಸಿಸ್ಟರ್ ಔಟ್‌ಪುಟ್‌ನಿಂದ. ಪೂರ್ಣ ಹೊರೆಯಲ್ಲಿ ಸುಮಾರು ಒಂದು ಲಕ್ಷ ಸಲ ಬಾಳುವ ಸಣ್ಣ ರಿಲೇಯನ್ನು ಸೆಕೆಂಡಿಗೊಮ್ಮೆ ಬಡಿದರೆ 28 ಗಂಟೆಯೊಳಗೆ ಅದರ ಆಯಸ್ಸು ಮುಗಿಯುತ್ತದೆ.

ಮಿಡಿತ ತಪ್ಪಿದರೆ ಮಾಲು ಕೆಡುತ್ತದೆ ಅಷ್ಟೆ. ಪ್ರೆಸ್ ಮಷೀನಿನ ಮುಂದೆ ಕೂತವರ ಲೆಕ್ಕ ಬೇರೆ. ಕೈ ಒಳಗೆ ಬಂತೆಂಬ ಸಿಗ್ನಲ್, ಇನ್‌ಪುಟ್ ಓದಿ ಮುಗಿದ ಮರುಕ್ಷಣ ಬಂತೆನ್ನಿ. ಅದು ಒಂದು ಸ್ಕ್ಯಾನ್ ಕಾಯಬೇಕು, ಇನ್ನೊಂದರಲ್ಲಿ ಲೆಕ್ಕವಾಗಬೇಕು: 20 ಮಿಲಿಸೆಕೆಂಡ್. ಇನ್‌ಪುಟ್ ಫಿಲ್ಟರಿಗೆ 5, ಔಟ್‌ಪುಟ್ ರಿಲೇಗೆ 10, ಒಟ್ಟು 35. ಸುರಕ್ಷತಾ ಮಾನದಂಡವು ಹತ್ತಿರದ ಅಂತರಕ್ಕೆ ಹಿಡಿಯುವ ಕೈಯ ವೇಗ ಸೆಕೆಂಡಿಗೆ 2 ಮೀಟರ್. ಅಷ್ಟರಲ್ಲಿ ಕೈ 70 ಮಿಲಿಮೀಟರ್ ಮುಂದೆ ಹೋಗಿರುತ್ತದೆ, ಹೆಚ್ಚುಕಡಿಮೆ ಒಂದು ಅಂಗೈಯ ಅಗಲ. ಬ್ರೇಕ್ ಹಿಡಿದು ಪ್ರೆಸ್ ನಿಲ್ಲುವ ಹೊತ್ತನ್ನು ಇನ್ನೂ ಸೇರಿಸಿಲ್ಲ. ಪಿಎಲ್‌ಸಿಯೇ ಕೆಟ್ಟು ಔಟ್‌ಪುಟ್ ಆನ್ ಆಗಿಯೇ ಉಳಿದರೆ ಈ ಲೆಕ್ಕವೂ ಇಲ್ಲ.

ಹಾಗಾಗಿಯೇ ಪಿಎಲ್‌ಸಿ ಬಂದ ಮೇಲೂ ಕೆಂಪು ಎಮರ್ಜೆನ್ಸಿ ಬಟನ್ನಿನ ವೈರನ್ನು ಬಹುಕಾಲ ಅದರೊಳಕ್ಕೆ ಬಿಡಲಿಲ್ಲ. ಎರಡು ಪ್ರೊಸೆಸರ್‌ಗಳು ಒಂದನ್ನೊಂದು ಕಾಯುವ ಸೇಫ್ಟಿ ಪಿಎಲ್‌ಸಿಗಳು ಈಗ ಬಂದಿವೆ. ಆದರೂ ಎಷ್ಟೋ ಪ್ಯಾನೆಲ್‌ಗಳಲ್ಲಿ ಆ ವೈರನ್ನು ಹಿಡಿದುಕೊಂಡು ಹೋದರೆ ಅದು ಪಿಎಲ್‌ಸಿಯನ್ನು ಬಳಸಿಕೊಂಡು ಹೋಗಿ, ಮೂಲೆಯಲ್ಲಿರುವ ಒಂದು ರಿಲೇಯನ್ನು ಮುಟ್ಟುತ್ತದೆ.