ಪಠ್ಯಚೌಕಟ್ಟಿನ ದುಡಿಮೆಯೂ ಸ್ಕ್ರಿಪ್ಟಿನ ನೆರವೂ: ಕನ್ನಡ ಪುಟವಿನ್ಯಾಸದ ಒಂದು ಅಧ್ಯಾಯ

೧

ಮುದ್ರಣಕಲೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅಕ್ಷರದ ಕಡೆಗೇ ದೃಷ್ಟಿಯಿಟ್ಟಿದ್ದಾರೆ. ಮೊಳೆಯನ್ನು ಕೊರೆದವರು ಯಾರು, ಎರಕ ಹೊಯ್ದವರು ಯಾರು, ಮೊದಲ ಪುಸ್ತಕ ಯಾವುದು ಎಂಬ ಪ್ರಶ್ನೆಗಳಿಗೆ ದೊರೆತ ಗಮನವು ಪುಟವನ್ನು ಕಟ್ಟಿದವರ ದುಡಿಮೆಗೆ ದೊರೆತಿಲ್ಲ. ಆದರೆ ಓದುಗನ ಕೈಗೆ ಬರುವುದು ಬಿಡಿ ಅಕ್ಷರವಲ್ಲ, ಪುಟ. ಜೋಡಿಸಿದ ಸಾಲುಗಳನ್ನು ಇಂತಿಷ್ಟು ಅಗಲ, ಇಂತಿಷ್ಟು ಎತ್ತರದ ಆವರಣವೊಂದರಲ್ಲಿ ಕೂರಿಸಿ, ಮಿಕ್ಕುದನ್ನು ಮುಂದಿನ ಪುಟಕ್ಕೆ ಸಾಗಿಸುವ ಕಾರ್ಯವೇ ಪುಟವಿನ್ಯಾಸ.

ಈ ಕಾರ್ಯದಲ್ಲಿ ಎರಡು ಅಂಶಗಳನ್ನು ಗುರುತಿಸಬಹುದು. ಯಾವ ಲೇಖನ ಮೊದಲು, ಚಿತ್ರ ಎಲ್ಲಿ, ಅಂಚು ಎಷ್ಟು ಎಂದು ನಿರ್ಣಯಿಸುವುದು ವಿವೇಕದ ಅಂಶ. ನಿರ್ಣಯವಾದ ಮೇಲೆ ಅದನ್ನೇ ಇನ್ನೂರು ಪುಟಗಳಲ್ಲಿ ಇನ್ನೂರು ಸಲ ಆಚರಣೆಗೆ ತರುವುದು ಶ್ರಮದ ಅಂಶ. ಎರಡನೆಯದನ್ನು ಗಣಕಯಂತ್ರಕ್ಕೆ ಒಪ್ಪಿಸುವ ಸಲುವಾಗಿ ಬರೆದ ಆದೇಶಗಳ ಪಟ್ಟಿಗೆ ಸ್ಕ್ರಿಪ್ಟ್ ಎಂದು ಹೆಸರು. ಇತರ ಭಾಷೆಗಳಲ್ಲಿ ಸ್ಕ್ರಿಪ್ಟು ಶ್ರಮವನ್ನು ಉಳಿಸುವ ಉಪಕರಣವಾಗಿ ಬಂದಿತು. ಕನ್ನಡದ ಮಟ್ಟಿಗಾದರೋ ಅದು ಅಷ್ಟಕ್ಕೆ ನಿಲ್ಲಲಿಲ್ಲ. ಪ್ರಸಿದ್ಧ ಪುಟವಿನ್ಯಾಸ ತಂತ್ರಾಂಶವೊಂದರೊಳಗೆ ನಮ್ಮ ಲಿಪಿ ತನ್ನ ನಿಜರೂಪದಲ್ಲಿ ಪ್ರವೇಶಿಸಿದ್ದೇ ಸ್ಕ್ರಿಪ್ಟಿನ ಬಾಗಿಲಿನಿಂದ. ಈ ಸಂಗತಿಯನ್ನೂ, ಅದರಿಂದ ಒದಗುವ ಇಂದಿನ ಕರ್ತವ್ಯವೊಂದನ್ನೂ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊಳೆಯ ಅಚ್ಚುಕೂಟದಲ್ಲಿ ಕಂಪೋಸಿಟರನು ಕೇಸಿನ ಮನೆಗಳಿಂದ ಮೊಳೆಗಳನ್ನು ಆರಿಸಿ, ಸ್ಟಿಕ್ಕಿನಲ್ಲಿ ಸಾಲು ಮಾಡಿ, ಸಾಲುಗಳನ್ನು ಗ್ಯಾಲಿಗೆ ಇಳಿಸುತ್ತಿದ್ದನು. ಗ್ಯಾಲಿಯ ಕರಡು ತಿದ್ದಿಯಾದ ಬಳಿಕ ಪುಟ ಕಟ್ಟುವ ಸರದಿ. ಕಟ್ಟಿದ ಪುಟದಲ್ಲಿ ಗ್ರಂಥಕರ್ತನು ಎರಡು ಸಾಲು ಸೇರಿಸಿದನೆಂದರೆ, ಆ ಪುಟದ ತಳದಿಂದ ಎರಡು ಸಾಲನ್ನು ತೆಗೆದು ಮುಂದಿನ ಪುಟದ ತಲೆಗೆ, ಅಲ್ಲಿಂದ ಎರಡನ್ನು ಅದರ ಮುಂದಿನದಕ್ಕೆ, ಹೀಗೆ ಅಧ್ಯಾಯದ ಕೊನೆಯವರೆಗೂ ಸಾಗಿಸಬೇಕಾಗುತ್ತಿತ್ತು. ಗುಣಿತಾಕ್ಷರ, ಒತ್ತಕ್ಷರಗಳಿಗಾಗಿ ನೂರಾರು ಮೊಳೆಗಳನ್ನು ಬೇಡುವ ಕನ್ನಡದಲ್ಲಿ ಈ ತೊಡಕು ಇನ್ನೂ ಹೆಚ್ಚಿನದು. ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಪ್ರಕಟವಾದ ಕಿಟ್ಟೆಲರ ನಿಘಂಟಿನಂಥ ಗ್ರಂಥವನ್ನು ಕೈಗೆತ್ತಿಕೊಂಡಾಗ, ಅದರ ಪಾಂಡಿತ್ಯದೊಡನೆ ಅದರ ಪುಟಗಳನ್ನು ಕಟ್ಟಿದ ಅನಾಮಧೇಯ ಕೈಗಳನ್ನೂ ನೆನೆಯುವುದು ನ್ಯಾಯ.

ಈ ಕೆಲಸ ಮೇಜಿನ ಮೇಲಿನ ಗಣಕಕ್ಕೆ ಬಂದದ್ದು ೧೯೮೫ರಲ್ಲಿ. ಅಮೆರಿಕೆಯ ಸಿಯಾಟಲ್ ನಗರದ ಆಲ್ಡಸ್ ಸಂಸ್ಥೆಯ ಸ್ಥಾಪಕನಾದ ಪಾಲ್ ಬ್ರೈನರ್ಡನು ಆ ವರ್ಷ ಪೇಜ್‌ಮೇಕರ್ ತಂತ್ರಾಂಶವನ್ನು ಹೊರತಂದನು. ಸಂಸ್ಥೆಗೆ ಇಟ್ಟ ಹೆಸರು ವೆನಿಸ್ಸಿನ ಪ್ರಖ್ಯಾತ ಮುದ್ರಕ ಆಲ್ಡಸ್ ಮನೂಷಿಯಸನದು. ಅಡೋಬಿ ಸಂಸ್ಥೆಯ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟವರ್ಣನೆಯ ಭಾಷೆಯೂ, ಆಪಲ್ ಸಂಸ್ಥೆಯ ಲೇಸರ್ ಮುದ್ರಕವೂ ಅದರ ಜೊತೆಗೂಡಿದುವು. ೧೯೮೭ರಲ್ಲಿ ಕ್ವಾರ್ಕ್ ಎಕ್ಸ್‌ಪ್ರೆಸ್ ಬಂದಿತು. ೧೯೯೪ರಲ್ಲಿ ಆಲ್ಡಸ್ ಸಂಸ್ಥೆಯನ್ನು ತನ್ನೊಳಗೆ ಸೇರಿಸಿಕೊಂಡ ಅಡೋಬಿಯು ೧೯೯೯ರಲ್ಲಿ ಇನ್‌ಡಿಸೈನ್ ಎಂಬ ಹೊಸ ತಂತ್ರಾಂಶವನ್ನು ಪ್ರಕಟಿಸಿತು.

ಇನ್‌ಡಿಸೈನಿನಲ್ಲಿ ಪಠ್ಯವೆಲ್ಲವೂ ಚೌಕಟ್ಟುಗಳೊಳಗೆ ಇರುತ್ತದೆ. ಒಂದು ಚೌಕಟ್ಟು ತುಂಬಿದರೆ ಉಳಿದ ಪಠ್ಯ ಅದಕ್ಕೆ ಕೂಡಿಸಿದ ಮುಂದಿನ ಚೌಕಟ್ಟಿಗೆ ಹರಿಯುತ್ತದೆ. ಲೆಕ್ಕದ ಪುಸ್ತಕದಲ್ಲಿ ಪುಟದ ತಳದ ಮೊತ್ತವನ್ನು ಮುಂದಿನ ಪುಟದ ತಲೆಗೆ ಒಯ್ಯುವ ಕ್ರಮವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗೆ ಚೌಕಟ್ಟಿನಿಂದ ಚೌಕಟ್ಟಿಗೆ ಹರಿಯುವ ಸಮಗ್ರ ಪಠ್ಯವನ್ನು ಇಲ್ಲಿ ಪಠ್ಯಧಾರೆ ಎಂದು ಕರೆಯಬಹುದು. ಕೊನೆಯ ಚೌಕಟ್ಟಿನಲ್ಲಿಯೂ ಹಿಡಿಸದೆ ಉಳಿದ ಪಠ್ಯ ಕಣ್ಣಿಗೆ ಕಾಣದೆ ಅಡಗಿರುತ್ತದೆ. ಚೌಕಟ್ಟಿನ ಬಲಗಡೆಯ ತಳದಲ್ಲಿ ಒಂದು ಕೆಂಪು ಕೂಡುವ ಚಿಹ್ನೆ ಮಾತ್ರ ಅದರ ಸುಳಿವು. ಆ ಚಿಹ್ನೆಯನ್ನು ಗಮನಿಸದೆ ಅಚ್ಚಿಗೆ ಕಳುಹಿದರೆ ಲೇಖನದ ಬಾಲ ಕತ್ತರಿಸಿಹೋಗುತ್ತದೆ.

೩

ಆದೇಶದ ಮೂಲಕ ಪುಟ ಕಟ್ಟುವ ವಿಚಾರ ಪೇಜ್‌ಮೇಕರಿಗಿಂತ ಹಳೆಯದು. ೧೯೬೪ರಲ್ಲಿ ಜೆರೋಮ್ ಸಾಲ್ಟ್‌ಜರನು ರಚಿಸಿದ ರನ್‌ಆಫ್ ಎಂಬ ಕ್ರಮವಿಧಿಯಲ್ಲಿ ಬರೆಹದ ನಡುವೆಯೇ ಆದೇಶಗಳನ್ನು ಬರೆಯಬೇಕಾಗಿತ್ತು. ಡೊನಾಲ್ಡ್ ಕನೂತನು ೧೯೭೭ರಲ್ಲಿ ತೊಡಗಿ ರೂಪಿಸಿದ ಟೆಕ್ ತಂತ್ರಾಂಶ ಇದೇ ಮಾರ್ಗವನ್ನು ಬಹಳ ಎತ್ತರಕ್ಕೆ ಒಯ್ದಿತು. ಈ ಪದ್ಧತಿಯಲ್ಲಿ ಶ್ರಮವನ್ನೆಲ್ಲ ಯಂತ್ರವೇ ಹೊರುತ್ತಿತ್ತು. ಆದರೆ ಬರೆಯುತ್ತಿರುವಾಗ ಪುಟ ಕಣ್ಣಿಗೆ ಕಾಣುತ್ತಿರಲಿಲ್ಲ. ಪೇಜ್‌ಮೇಕರ್ ಬಂದಾಗ ಪುಟ ಕಣ್ಣಿಗೆ ಕಂಡಿತು. ಆದರೆ ಪ್ರತಿಯೊಂದು ಚೌಕಟ್ಟನ್ನೂ ಕೈಯಿಂದಲೇ ಎಳೆದು ಕೂರಿಸುವ ಶ್ರಮ ಮರಳಿ ಬಂದಿತು. ಒಂದನ್ನು ಪಡೆದುದಕ್ಕಾಗಿ ಇನ್ನೊಂದನ್ನು ತೆತ್ತಂತಾಯಿತು.

ಈ ಎರಡು ಮಾರ್ಗಗಳನ್ನು ಒಂದುಗೂಡಿಸಿದುದೇ ಸ್ಕ್ರಿಪ್ಟಿನ ಐತಿಹಾಸಿಕ ಮಹತ್ತ್ವ. ೧೯೯೩ರಲ್ಲಿ ಆಪಲ್ ಸಂಸ್ಥೆಯು ಆಪಲ್‌ಸ್ಕ್ರಿಪ್ಟ್ ಎಂಬ ಆದೇಶಭಾಷೆಯನ್ನು ಪ್ರಕಟಿಸಿತು. ಕ್ವಾರ್ಕ್ ಎಕ್ಸ್‌ಪ್ರೆಸ್ ಅದನ್ನು ಬೇಗನೆ ಅಂಗೀಕರಿಸಿದ ತಂತ್ರಾಂಶಗಳಲ್ಲೊಂದು. ಇನ್‌ಡಿಸೈನ್ ಮೊದಲಿನಿಂದಲೂ ಮ್ಯಾಕಿಂಟಾಷ್ ಯಂತ್ರದಲ್ಲಿ ಆಪಲ್‌ಸ್ಕ್ರಿಪ್ಟನ್ನೂ ವಿಂಡೋಸ್ ಯಂತ್ರದಲ್ಲಿ ವಿಷುಯಲ್ ಬೇಸಿಕನ್ನೂ ಒಪ್ಪಿಕೊಂಡಿತು, ೨೦೦೩ರ ಸಿ.ಎಸ್. ಆವೃತ್ತಿಯಲ್ಲಿ ಜಾವಾಸ್ಕ್ರಿಪ್ಟ್ ಸೇರಿದ ಮೇಲೆ ಒಂದೇ ಸ್ಕ್ರಿಪ್ಟು ಎರಡು ಬಗೆಯ ಯಂತ್ರಗಳಲ್ಲಿಯೂ ನಡೆಯುವಂತಾಯಿತು.

ಸ್ಕ್ರಿಪ್ಟಿನ ದೃಷ್ಟಿಯಲ್ಲಿ ಇಡೀ ಪುಸ್ತಕ ಒಂದು ವಂಶವೃಕ್ಷ. ಪುಸ್ತಕದೊಳಗೆ ಪುಟಗಳು, ಪುಟದೊಳಗೆ ಚೌಕಟ್ಟುಗಳು. ಪ್ರತಿಯೊಂದು ಚೌಕಟ್ಟನ್ನೂ ನಾಲ್ಕು ಪ್ರಶ್ನೆ ಕೇಳಬಹುದು: ನಿನ್ನ ಹಿಂದಿನ ಚೌಕಟ್ಟು ಯಾವುದು, ಮುಂದಿನದು ಯಾವುದು, ನೀನು ಯಾವ ಪಠ್ಯಧಾರೆಗೆ ಸೇರಿದೆ, ನಿನ್ನಲ್ಲಿ ಪಠ್ಯ ತುಂಬಿ ಹೊರಚೆಲ್ಲಿದೆಯೇ? ಈ ನಾಲ್ಕರ ಉತ್ತರಗಳ ಮೇಲೆಯೇ ಅನೇಕ ಸ್ಕ್ರಿಪ್ಟುಗಳು ನಿಂತಿವೆ. ಇನ್‌ಡಿಸೈನಿನ ಜೊತೆಯಲ್ಲಿಯೇ ಬರುವ ಮಾದರಿಗಳಲ್ಲಿ 'ಸ್ಪ್ಲಿಟ್ ಸ್ಟೋರಿ' ಎಂಬುದು ಒಂದು ಪಠ್ಯಧಾರೆಯ ಚೌಕಟ್ಟುಗಳನ್ನು ಬಿಡಿಬಿಡಿಯಾಗಿ, ಸ್ವತಂತ್ರವಾಗಿ ಮಾಡುತ್ತದೆ. 'ಬ್ರೇಕ್ ಫ್ರೇಮ್' ಎಂಬುದು ಆರಿಸಿದ ಒಂದೇ ಚೌಕಟ್ಟನ್ನು ಅದರ ಪಠ್ಯಸಮೇತ ಧಾರೆಯಿಂದ ಬೇರ್ಪಡಿಸುತ್ತದೆ. 'ಎಕ್ಸ್‌ಪೋರ್ಟ್ ಆಲ್ ಸ್ಟೋರೀಸ್' ಸಂಚಿಕೆಯ ಪಠ್ಯಧಾರೆಗಳನ್ನೆಲ್ಲ ಪ್ರತ್ಯೇಕ ಕಡತಗಳಾಗಿ ಹೊರಗೆ ತೆಗೆದಿಡುತ್ತದೆ. 'ಫೈಂಡ್ ಚೇಂಜ್ ಬೈ ಲಿಸ್ಟ್' ಒಂದು ಪಟ್ಟಿಯಲ್ಲಿ ಬರೆದಿಟ್ಟ ತಿದ್ದುಪಡಿಗಳನ್ನು ಒಂದೊಂದಾಗಿ ನೆರವೇರಿಸುತ್ತದೆ.

ಉದಾಹರಣೆಗೆ, ದೀರ್ಘವಾದ ಹಸ್ತಪ್ರತಿಯೊಂದನ್ನು ಪುಟಗಳಲ್ಲಿ ಹರಿಸುವ ಸ್ಕ್ರಿಪ್ಟನ್ನು ಪರಿಶೀಲಿಸಬಹುದು. ಕೊನೆಯ ಚೌಕಟ್ಟು ಹೊರಚೆಲ್ಲುತ್ತಿದೆಯೇ ಎಂದು ನೋಡು, ಹೌದಾದರೆ ಒಂದು ಪುಟ ಸೇರಿಸು, ಅಂಚಿನ ಅಳತೆಗೆ ಚೌಕಟ್ಟು ಹಾಕು, ಹಿಂದಿನದಕ್ಕೆ ಕೂಡಿಸು, ಮರಳಿ ನೋಡು. ಇಷ್ಟೇ ಅದರ ಸಾರ. ಆದರೆ ಇದರಲ್ಲೊಂದು ಅಪಾಯ ಅಡಗಿದೆ. ಚೌಕಟ್ಟಿಗಿಂತ ಎತ್ತರವಾದ ಚಿತ್ರವೊಂದು ಪಠ್ಯದ ನಡುವೆ ಸಿಕ್ಕಿಕೊಂಡರೆ ಅದು ಯಾವ ಚೌಕಟ್ಟಿನಲ್ಲಿಯೂ ಹಿಡಿಸುವುದಿಲ್ಲ, ಹೊರಚೆಲ್ಲುವುದು ನಿಲ್ಲದು, ಯಂತ್ರವು ಖಾಲಿ ಪುಟಗಳನ್ನು ಸೇರಿಸುತ್ತಲೇ ಹೋಗುವುದು. ಆದ್ದರಿಂದ ಹೊಸ ಚೌಕಟ್ಟಿನೊಳಗೆ ಒಂದು ಅಕ್ಷರವೂ ಇಳಿಯದಿದ್ದರೆ ನಿಲ್ಲಬೇಕೆಂಬ ಇನ್ನೊಂದು ಆದೇಶವನ್ನು ಸೇರಿಸಿರಬೇಕು. ಶ್ರಮವನ್ನು ಯಂತ್ರಕ್ಕೆ ಒಪ್ಪಿಸಬಹುದು. ಎಲ್ಲಿ ನಿಲ್ಲಬೇಕೆಂಬ ವಿವೇಕ ಬರೆದವನದೇ.

ಮತ್ತೊಂದು ಸಂಗತಿ. ಹೊರಗಿನವರು ಸ್ಕ್ರಿಪ್ಟಿನಿಂದ ಸಾಧಿಸುತ್ತಿದ್ದುದನ್ನು ತಂತ್ರಾಂಶವು ಕಾಲಕ್ರಮದಲ್ಲಿ ತನ್ನದನ್ನಾಗಿ ಮಾಡಿಕೊಂಡಿತು. ಪಠ್ಯ ಬೆಳೆದಂತೆ ಪುಟ ತಾನಾಗಿ ಸೇರುವ ಏರ್ಪಾಡು ೨೦೦೮ರ ಸಿ.ಎಸ್. ೪ ಆವೃತ್ತಿಯಲ್ಲಿಯೂ, ಪಠ್ಯದ ಅಳತೆಗೆ ಚೌಕಟ್ಟು ತಾನಾಗಿ ಹಿಗ್ಗುವ ಏರ್ಪಾಡು ೨೦೧೨ರ ಸಿ.ಎಸ್. ೬ ಆವೃತ್ತಿಯಲ್ಲಿಯೂ ಬಂದುವು.

೪

ಇನ್ನು ಕನ್ನಡದ ವಿಷಯ. ಪೇಜ್‌ಮೇಕರ್ ಭಾರತಕ್ಕೆ ಬಂದಾಗ ಅದಕ್ಕೆ ಕನ್ನಡ ತಿಳಿಯದು. ೨೫೬ ಸ್ಥಾನಗಳ ಇಂಗ್ಲಿಷ್ ಸಂಕೇತಮಾಲೆಯಲ್ಲಿಯೇ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿ ಫಾಂಟುಗಳನ್ನು ಮಾಡಿದರು. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯ ಶ್ರೀಲಿಪಿ, ೧೯೯೮ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ, ಇವು ಪುಸ್ತಕೋದ್ಯಮಕ್ಕೆ ಮಾಡಿದ ಉಪಕಾರವನ್ನು ಮರೆಯಲಾಗದು. ಆದರೆ ಈ ಬಗೆಯ ಫಾಂಟುಗಳಲ್ಲಿ ಕನ್ನಡವು ವೇಷದಲ್ಲಿ ಮಾತ್ರ ಇತ್ತು. ಒಳಗೆ ಯಂತ್ರ ಅದನ್ನು ಇಂಗ್ಲಿಷೆಂದೇ ತಿಳಿದಿತ್ತು. ಫಾಂಟು ಬದಲಾಯಿಸಿದರೆ ಕನ್ನಡ ಅಳಿದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಉಳಿಯುತ್ತಿತ್ತು.

ಇತ್ತ ಯೂನಿಕೋಡ್ ಸಂಕೇತಮಾಲೆಯು ೧೯೯೧ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. ಆದರೂ ಇನ್‌ಡಿಸೈನಿನಲ್ಲಿ ಯೂನಿಕೋಡ್ ಕನ್ನಡವನ್ನು ಹಾಕಿದರೆ ಒತ್ತುಗಳು ಅಕ್ಷರದ ಕೆಳಗೆ ಸೇರದೆ ಚೂರುಚೂರಾಗಿ ನಿಲ್ಲುತ್ತಿದ್ದುವು. ಸಂಯುಕ್ತಾಕ್ಷರಗಳನ್ನು ಕೂಡಿಸಬಲ್ಲ 'ವರ್ಲ್ಡ್ ರೆಡಿ ಕಂಪೋಸರ್' ಎಂಬ ಹೊಸ ಜೋಡಣಾ ಯಂತ್ರಾಂಗವನ್ನು ಅಡೋಬಿಯು ೨೦೦೮ರ ಸಿ.ಎಸ್. ೪ ಆವೃತ್ತಿಯೊಳಗೆ ಇರಿಸಿತು. ಆದರೆ ಸಾಮಾನ್ಯ ಆವೃತ್ತಿಯ ಯಾವ ಪಟ್ಟಿಯಲ್ಲಿಯೂ, ಯಾವ ಕಿಟಕಿಯಲ್ಲಿಯೂ ಅದನ್ನು ಆರಿಸುವ ಗುಂಡಿ ಇರಲಿಲ್ಲ! ಸ್ಕ್ರಿಪ್ಟಿನಿಂದಲೋ, ಅದನ್ನು ಮೊದಲೇ ಅಳವಡಿಸಿದ ಮಾದರಿ ಕಡತದಿಂದಲೋ, ಹೊರಗಿನ ಜೋಡಣೆಯಿಂದಲೋ ಮಾತ್ರ ಅದನ್ನು ಎಚ್ಚರಿಸಬಹುದಾಗಿತ್ತು. ಪ್ಯಾರಾದ ಜೋಡಣಾಕ್ರಮವನ್ನು ಬದಲಿಸುವ ಒಂದು ಸಾಲಿನ ಆದೇಶವನ್ನು ಬಲ್ಲವನಿಗೆ ಕನ್ನಡ ಸರಿಯಾಗಿ ಮೂಡಿತು. ಅರಿಯದವನಿಗೆ ಅದೇ ತಂತ್ರಾಂಶದಲ್ಲಿ ಕನ್ನಡ ಒಡೆದೇ ಇದ್ದಿತು.

೨೦೧೨ರ ಸಿ.ಎಸ್. ೬ರಲ್ಲಿ ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳಿಗೆ ಅಧಿಕೃತ ಬೆಂಬಲ ದೊರೆಯಿತು. ಆಗಲೂ ಆಯಾ ಲಿಪಿಗೆ ತಕ್ಕ ಮೂಲ ಏರ್ಪಾಡುಗಳನ್ನು ಮಾಡಿಕೊಳ್ಳಲು ಅಡೋಬಿಯು ಕೊಟ್ಟದ್ದು 'ಇಂಡಿಕ್ ಪ್ರಿಫರೆನ್ಸಸ್' ಎಂಬ ಒಂದು ಸ್ಕ್ರಿಪ್ಟನ್ನೇ. ಉಚಿತ ತಂತ್ರಾಂಶವಾದ ಸ್ಕ್ರೈಬಸ್ ಕೂಡ ೨೦೧೭ರ ೧.೫.೩ ಆವೃತ್ತಿಯಿಂದ ಭಾರತೀಯ ಲಿಪಿಗಳನ್ನು ಸರಿಯಾಗಿ ಕೂಡಿಸತೊಡಗಿ, ೨೦೨೪ರ ೧.೬ ಸ್ಥಿರ ಆವೃತ್ತಿಯಲ್ಲಿ ಆ ಶಕ್ತಿಯನ್ನು ಎಲ್ಲರಿಗೂ ಒದಗಿಸಿತು. ಚೌಕಟ್ಟು ಹಾಕುವ, ಕೂಡಿಸುವ, ಹೊರಚೆಲ್ಲಿದೆಯೇ ಎಂದು ಕೇಳುವ ಆದೇಶಗಳು ಅದರಲ್ಲಿಯೂ ಪೈಥಾನ್ ಭಾಷೆಯಲ್ಲಿ ಲಭ್ಯ.

೫

ಈ ಚರಿತ್ರೆಯಿಂದ ಒದಗುವ ಕರ್ತವ್ಯವನ್ನು ಈಗ ಹೇಳಬಹುದು. ಹಳೆಯ ಫಾಂಟುಗಳ ಕಾಲದಲ್ಲಿ ಸಿದ್ಧವಾದ ಕನ್ನಡ ಪುಸ್ತಕ, ಪತ್ರಿಕೆ, ಸ್ಮರಣಸಂಚಿಕೆಗಳ ಪುಟಕಡತಗಳು ಎಲ್ಲೆಲ್ಲಿಯೋ ಉಳಿದಿವೆ. ಅವನ್ನು ಹುಡುಕಲಾಗದು, ಮರುಮುದ್ರಿಸುವುದೂ ಕಷ್ಟ. ಅವುಗಳ ಪಠ್ಯವನ್ನು ಯೂನಿಕೋಡಿಗೆ ತರಬೇಕು.

ಇದಕ್ಕೆ ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಸಾಲದು. 'ಧರ್ಮ' ಎಂಬ ಶಬ್ದ ಹಳೆಯ ಫಾಂಟಿನಲ್ಲಿ ಧ, ಮ, ಅರ್ಕಾವತ್ತು ಎಂಬ ಕ್ರಮದಲ್ಲಿದ್ದರೆ, ಯೂನಿಕೋಡಿನಲ್ಲಿ ಧ, ರ, ಹಲಂತ ಚಿಹ್ನೆ, ಮ ಎಂದಿರುತ್ತದೆ. 'ಅಕ್ಕಿ' ಎಂಬುದು ಅಲ್ಲಿ ಅ, ಕಿ, ಕಕಾರದ ಒತ್ತು. ಇಲ್ಲಿ ಅ, ಕ, ಹಲಂತ ಚಿಹ್ನೆ, ಕ, ಇಕಾರ. ಎಂದರೆ ಕಣ್ಣಿಗೆ ಕಾಣುವ ಕ್ರಮವನ್ನು ಉಚ್ಚಾರಣೆಯ ಕ್ರಮಕ್ಕೆ ತಿರುಗಿಸಬೇಕು. ವಿನ್ಯಾಸವನ್ನು ಗುರುತಿಸಿ ಬದಲಿಸುವ ಗ್ರೆಪ್ ಶೋಧನೆ ೨೦೦೭ರ ಸಿ.ಎಸ್. ೩ರಿಂದ ಇನ್‌ಡಿಸೈನಿನಲ್ಲಿ ಇರುವುದರಿಂದ ಇದು ಸಾಧ್ಯವಾದ ಕಾರ್ಯವೇ.

ಇದಕ್ಕಿಂತ ಸೂಕ್ಷ್ಮವಾದ ಅಂಶ ಇನ್ನೊಂದುಂಟು. ಹಳೆಯ ಕಡತದಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಸಂಕೇತ ಒಂದೇ. ಯಾವುದು ಯಾವುದೆಂದು ಹೇಳುವುದು ಫಾಂಟಿನ ಹೆಸರೊಂದೇ. ಪಠ್ಯವನ್ನು ಬರಿಯ ಅಕ್ಷರಗಳಾಗಿ ಹೊರತೆಗೆದರೆ ಆ ಹೆಸರು ಕಳೆದುಹೋಗುತ್ತದೆ. ಅನಂತರ ಪರಿವರ್ತಿಸಿದರೆ ಇಂಗ್ಲಿಷಿನ ಉದ್ಧರಣೆಗಳೆಲ್ಲ ಅಸಂಬದ್ಧ ಕನ್ನಡವಾಗುತ್ತವೆ. ಆದ್ದರಿಂದ ಪರಿವರ್ತನೆಯು ಚೌಕಟ್ಟಿನೊಳಗೇ, ಫಾಂಟಿನ ಹೆಸರನ್ನು ನೋಡಿಕೊಂಡು ನಡೆಯಬೇಕು. ನೂರಾರು ಪುಟಗಳಲ್ಲಿ ಈ ಕೆಲಸವನ್ನು ಕೈಯಿಂದ ಮಾಡಿ ಮುಗಿಸುವುದು ಆಗದ ಮಾತು. ಇದು ಸ್ಕ್ರಿಪ್ಟಿನ ಕೆಲಸ. ಹೊಸ ಫಾಂಟಿನಲ್ಲಿ ಸಾಲುಗಳ ಅಗಲ ಬೇರೆಯಾಗುವುದರಿಂದ, ಕೊನೆಗೆ ಪ್ರತಿಯೊಂದು ಪಠ್ಯಧಾರೆಯೂ ಹೊರಚೆಲ್ಲಿದೆಯೇ ಎಂದು ಪರೀಕ್ಷಿಸುವುದೂ ಅದರದೇ ಹೊಣೆ. ಪರಿವರ್ತಿತ ಪಠ್ಯವನ್ನು ಮೂಲದ ಅಚ್ಚಾದ ಪ್ರತಿಯೊಡನೆ ಒಪ್ಪನೋಡುವುದು ಮಾತ್ರ ಮನುಷ್ಯನ ಕಣ್ಣಿಗೆ ಬಿಟ್ಟದ್ದು.

ಕಾಲಾವಧಿಯೂ ಅಪರಿಮಿತವಲ್ಲ. ಪೇಜ್‌ಮೇಕರಿನ ಕೊನೆಯ ಆವೃತ್ತಿಯಾದ ೭.೦ ಬಂದದ್ದು ೨೦೦೧ರಲ್ಲಿ. ಅದರ ಕಡತಗಳನ್ನು ತೆರೆಯುವ ಶಕ್ತಿ ಇನ್‌ಡಿಸೈನಿನಲ್ಲಿ ಸಿ.ಎಸ್. ೬ರ ವರೆಗೆ ಮಾತ್ರ ಇದ್ದು, ಅನಂತರದ ಆವೃತ್ತಿಗಳಲ್ಲಿ ತೆಗೆದುಹಾಕಲಾಗಿದೆ. ಹಳೆಯ ತಂತ್ರಾಂಶ ನಡೆಯುವ ಯಂತ್ರಗಳು ಒಂದೊಂದಾಗಿ ಮೂಲೆ ಸೇರುತ್ತಿವೆ. ಶಾಸನದ ಕಲ್ಲು ಸವೆದರೂ ಅದರ ಪಡಿಯಚ್ಚಿನಿಂದ ಪಾಠವನ್ನು ನಿರ್ಣಯಿಸಬಹುದು. ತೆರೆಯಲಾರದ ಕಡತದಿಂದ ಒಂದಕ್ಷರವನ್ನೂ ಪಡೆಯಲಾಗದು. ಸಂಘಸಂಸ್ಥೆಗಳೂ ಪ್ರಕಾಶಕರೂ ತಮ್ಮ ಕಪಾಟಿನಲ್ಲಿರುವ ಹಳೆಯ ಡಿಸ್ಕುಗಳನ್ನು ಮೊದಲು ಪಟ್ಟಿ ಮಾಡಿ, ಪ್ರತಿಯೊಂದರಲ್ಲಿಯೂ ಬಳಸಿದ ತಂತ್ರಾಂಶದ ಆವೃತ್ತಿ, ಫಾಂಟಿನ ಹೆಸರು ಇವೆರಡನ್ನೂ ಬರೆದಿಟ್ಟುಕೊಳ್ಳುವುದು ಅವಶ್ಯಕ. ಫಾಂಟಿನ ಹೆಸರೊಂದು ಗೊತ್ತಿದ್ದರೆ ಸ್ಕ್ರಿಪ್ಟನ್ನು ಬರೆಯಬಲ್ಲವರು ಇಂದಿಗೂ ದೊರೆಯುತ್ತಾರೆ.